ಏಳರ ತಾಳ ಕೀಬೋರ್ಡಿಗೆ ಬಂದದ್ದು ಹೇಗೆ?



ಭಾನುವಾರದ ಬಲಿಪೂಜೆಯಲ್ಲಿ ನೀವೆಲ್ಲ ಗಮನಿಸಿರುತ್ತೀರಿ. ಪ್ರವೇಶ ಗೀತೆಗೆ ಮೊದಲು ಕೀಬೋರ್ಡ್ ಮುಂದೆ ಕುಳಿತವರು ಎಡಗೈಯಲ್ಲಿ ಮೂರು ಕೀ ಒತ್ತುತ್ತಾರೆ. ಬಲಗೈ ಇನ್ನೂ ಸುಮ್ಮನಿರುತ್ತದೆ. ಅಷ್ಟರಲ್ಲೇ ಡ್ರಮ್, ಬೇಸ್, ಗಿಟಾರ್, ಹಿಂದೆ ಒಂದಿಷ್ಟು ವಯಲಿನ್ ಎಲ್ಲ ಒಟ್ಟಿಗೆ ಹೊರಡುತ್ತವೆ. ಇಷ್ಟು ಜನ ಎಲ್ಲಿ ಕೂತಿದ್ದಾರೆ ಎಂದು ಚಿಕ್ಕ ಮಕ್ಕಳು ಹಿಂದೆ ತಿರುಗಿ ನೋಡುವುದುಂಟು. ಯಾರೂ ಇಲ್ಲ. ಅದಕ್ಕೆ 'ಸ್ಟೈಲ್' ಎನ್ನುತ್ತಾರೆ. ಕಂಪನಿಯವರು ಮೊದಲೇ ತುಂಬಿಸಿಟ್ಟ ಮೇಳ. ನಾವು ಕಾರ್ಡ್ ತೋರಿಸಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಹೀಗೆ ಜೊತೆಗೂಡಿ ನುಡಿಸುವ ಕೀಬೋರ್ಡಿಗೆ ಅರೇಂಜರ್ ಕೀಬೋರ್ಡ್ ಎಂದು ಹೆಸರು.

ಕಳೆದ ವರ್ಷದಿಂದ ನಮ್ಮ ಗಾಯನ ವೃಂದ ಸ್ವಂತ ಸ್ಟೈಲ್‌ಗಳನ್ನು ಮಾಡಿಕೊಳ್ಳುತ್ತಿದೆ. ಒಳಗೇ ಇನ್ನೂರಕ್ಕೂ ಹೆಚ್ಚು ಸ್ಟೈಲ್ ಇರುವಾಗ ಇದೆಲ್ಲ ಏಕೆ ಎಂದು ಹಲವರು ಕೇಳಿದ್ದಾರೆ. ಉತ್ತರ ಹೇಳಲು ಹೊರಟರೆ ಚರಿತ್ರೆಯನ್ನೇ ಹೇಳಬೇಕಾಗುತ್ತದೆ. ನಮ್ಮ ಹಳೆಯ ಹಾಡುಗಳು ಎಲ್ಲಿಂದ ಬಂದವು, ಈ ಯಂತ್ರ ಎಲ್ಲಿಂದ ಬಂತು, ಎರಡೂ ಒಂದಕ್ಕೊಂದು ಯಾಕೆ ಕೂಡಲಿಲ್ಲ ಎಂಬುದನ್ನು.

ಮೊದಲು ನಮ್ಮ ಊರಿನ ಮಾತು. ಸೇಲಂ ಮತ್ತು ಧರ್ಮಪುರಿ ಎಂದರೆ ಹೊರಗಿನವರಿಗೆ ಅಪ್ಪಟ ತಮಿಳು ಸೀಮೆ. ಆದರೆ ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. ಮೈಸೂರಿನ ಕೈಯಲ್ಲಿದ್ದ ಈ ಬಾರಾಮಹಲ್ ಮತ್ತು ಸೇಲಂ ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನಿಂದ ಕಂಪನಿ ಸರ್ಕಾರಕ್ಕೆ ಹೋಯಿತು. ಧರ್ಮಸಭೆಯ ಗಡಿಗಳೂ ಹಾಗೆಯೇ ಬದಲಾಗುತ್ತ ಬಂದಿವೆ. 1930ರ ಮೇ 26ರಂದು ಸೇಲಂ ಧರ್ಮಪ್ರಾಂತ್ಯ ಹುಟ್ಟಿದಾಗ ಅದಕ್ಕೆ ಪಾಂಡಿಚೇರಿ ಮತ್ತು ಕುಂಭಕೋಣದ ಜೊತೆಗೆ ಮೈಸೂರಿನ ಭಾಗವೂ ಸೇರಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಯೂ 1997ರಲ್ಲಿ ಧರ್ಮಪುರಿ ಧರ್ಮಪ್ರಾಂತ್ಯವೂ ಬೇರೆಯಾದವು. ಹೊಸೂರು, ತಳಿ, ಡೆಂಕಣಿಕೋಟೆಯ ಕಡೆ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಇಷ್ಟೆಲ್ಲ ಗೆರೆ ಎಳೆದರೂ ನಮ್ಮಂಥ ಮನೆಗಳಲ್ಲಿ ಮಾತು ಕನ್ನಡ, ಶಾಲೆ ತಮಿಳು, ಹಾಡು ಎರಡೂ. ನಮ್ಮ ಗಾಯನ ವೃಂದದ ಹಳೆಯ ಕೈಬರಹದ ಪುಸ್ತಕದಲ್ಲಿ ಒಂದು ಪುಟ ಕನ್ನಡವಿದ್ದರೆ ಎದುರು ಪುಟ ತಮಿಳು.

ಆ ಪುಸ್ತಕದ ಹಾಡುಗಳಲ್ಲಿ ಹೆಚ್ಚಿನವು ಹಾರ್ಮೋನಿಯಂ ಕಾಲದವು. ಹಾರ್ಮೋನಿಯಂ ಕೂಡ ಹೊರಗಿನಿಂದಲೇ ಬಂದದ್ದು. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದರ್ ದೆಬೇನ್ ಅದಕ್ಕೆ ಪೇಟೆಂಟ್ ಪಡೆದ. ಅದು ಕಾಲಿನಿಂದ ತುಳಿಯುವ, ಕುರ್ಚಿ ಹಾಕಿಕೊಂಡು ನುಡಿಸುವ ವಾದ್ಯ. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತುವ ಹಾಗೆ ಅದನ್ನು ಬದಲಾಯಿಸಿದವರು ಕಲ್ಕತ್ತೆಯ ದ್ವಾರಕಾನಾಥ್ ಘೋಷ್. ಒಂದು ಕೈ ತಿದಿಗೆ ಹೋದ ಮೇಲೆ ಉಳಿದದ್ದು ಒಂದೇ ಕೈ, ಅದು ರಾಗ ನುಡಿಸಬೇಕು. ಕಾರ್ಡ್ ಎಂಬ ಮಾತೇ ಇಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಹೊಂದುವುದಿಲ್ಲವೆಂದು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹೊರಗಿಟ್ಟಿತ್ತು. ನಮ್ಮ ದೇವಾಲಯಗಳಲ್ಲಿ ಮಾತ್ರ ಅದು ನೆಮ್ಮದಿಯಾಗಿತ್ತು. ಹಾರ್ಮೋನಿಯಂ ರಾಗ ಹಿಡಿಯಿತು, ತಬಲ ಇಲ್ಲವೇ ಮೃದಂಗ ತಾಳ ಹಿಡಿಯಿತು, ಒಂದು ಜೋಡಿ ಜಾಲರ. ಮೇಳ ಎಂದರೆ ಅಷ್ಟೇ.

ಆ ತಾಳಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ತೊಡಕು ಇರುವುದೇ ಅಲ್ಲಿ.

ಕನ್ನಡ ಶಾಲೆಯಲ್ಲಿ ಓದಿದವರಿಗೆ ಷಟ್ಪದಿಗಳ ಲೆಕ್ಕ ನೆನಪಿರಬಹುದು. ಶರ ಷಟ್ಪದಿಗೆ ನಾಲ್ಕು ಮಾತ್ರೆಯ ಗಣ, ಭೋಗಕ್ಕೆ ಮೂರು, ಕುಸುಮಕ್ಕೆ ಐದು. ಭಾಮಿನಿಗೆ ಮೂರು ಮತ್ತು ನಾಲ್ಕು ಒಂದರ ಹಿಂದೊಂದು, ಅಂದರೆ ಏಳರ ನಡೆ. ಕುಮಾರವ್ಯಾಸನ ಭಾರತ ಇಡೀ ನಡೆಯುವುದು ಈ ಏಳರಲ್ಲಿ. ಲಕ್ಷ್ಮೀಶನ ಜೈಮಿನಿ ಭಾರತ ವಾರ್ಧಕದಲ್ಲಿದೆ, ಅದು ಐದರ ನಡೆ. ಗಮಕ ಕೇಳಿ ಬೆಳೆದವರ ಕಿವಿಗೆ ಐದು, ಏಳು ಯಾವುದೂ ವಿಚಿತ್ರವಲ್ಲ. ಹಳೆಯ ಹಾಡು ಕಟ್ಟಿದವರಿಗೂ ಅಲ್ಲ. ಕನ್ನಡ ನಿಘಂಟಿನಿಂದ ನಮಗೆಲ್ಲ ಗೊತ್ತಿರುವ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲೇ 'ಕಥಾಮಾಲೆ' ಎಂಬ ಪುಸ್ತಕದಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ಇಲ್ಲಿನ ಛಂದಸ್ಸಿನಲ್ಲಿ ಬರೆದರು. ಮುಂದೆ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದವರೂ ಅವರೇ. ಬಾಸೆಲ್ ಮಿಷನ್ನಿನವರು, ನಮ್ಮ ಕಥೋಲಿಕ ಸಭೆಯವರಲ್ಲ. ಆದರೆ ಜರ್ಮನಿಯಿಂದ ಬಂದ ಮನುಷ್ಯ ಜರ್ಮನ್ ರಾಗಕ್ಕೆ ಕನ್ನಡ ಪದ ತುಂಬಿಸಿ ಸುಮ್ಮನಾಗಲಿಲ್ಲ ಎಂಬುದನ್ನು ಮೆಚ್ಚಲೇಬೇಕು. ತಮಿಳಿನ ಕಡೆ ತಂಜಾವೂರಿನ ವೇದನಾಯಕ ಶಾಸ್ತ್ರಿಗಳು (1774–1864) ಕ್ರೈಸ್ತ ಕೀರ್ತನೆಗಳನ್ನು ಕರ್ನಾಟಕ ಸಂಗೀತದ ರಾಗ ತಾಳಗಳಲ್ಲಿ ಕಟ್ಟಿದ್ದರು. ಅಲ್ಲಿ ಏಳರ ತಾಳಕ್ಕೆ ಮಿಶ್ರಛಾಪು, ಐದರದಕ್ಕೆ ಖಂಡಛಾಪು ಎಂದು ಹೆಸರು. ಬಾಯಲ್ಲಿ ಹೇಳಿದರೆ ತಕಿಟ ತಕಧಿಮಿ, ತಕ ತಕಿಟ. ಹೀಗೆ ನಮ್ಮ ಪುಸ್ತಕದ ಎರಡೂ ಪುಟಗಳಲ್ಲಿ ಏಳು, ಐದು ಇವೆ.

ಇನ್ನು ಯಂತ್ರದ ಕಡೆ ಬರೋಣ. 1959ರಲ್ಲಿ ಅಮೆರಿಕದ ವುರ್ಲಿಟ್ಜರ್ ಕಂಪನಿ 'ಸೈಡ್‌ಮನ್' ಎಂಬ ಪೆಟ್ಟಿಗೆಯನ್ನು ಮಾರಾಟಕ್ಕಿಟ್ಟಿತು. ಮನೆಯಲ್ಲಿ ಆರ್ಗನ್ ನುಡಿಸುವವರ ಪಕ್ಕ ಇಟ್ಟುಕೊಳ್ಳುವ ತಾಳದ ಯಂತ್ರ ಅದು. ಒಳಗೆ ಒಂದು ತಟ್ಟೆ ತಿರುಗುತ್ತದೆ, ಅದರ ಮೇಲಿನ ತಂತಿಯ ತುದಿಗಳು ತಾಗಿದಾಗ ವಾಲ್ವ್‌ಗಳಿಂದ ಶಬ್ದ ಬರುತ್ತದೆ. ವಾಲ್ಟ್ಜ್, ಫಾಕ್ಸ್‌ಟ್ರಾಟ್, ಟ್ಯಾಂಗೋ, ರುಂಬಾ ಎಂಬಂಥ ಹನ್ನೆರಡು ತಾಳಗಳು. ಆಗಿನ ಅಮೆರಿಕದ ಡಾನ್ಸ್ ಹಾಲಿನ ಪಟ್ಟಿ ಅದು. ಡ್ರಮ್ ಬಾರಿಸುವವರ ಹೊಟ್ಟೆಗೆ ಕಲ್ಲು ಬಿತ್ತೆಂದು ಅಲ್ಲಿನ ವಾದಕರ ಸಂಘ ಸಿಟ್ಟಾಯಿತು. ಸಂಘ ಯಂತ್ರದ ಬಳಕೆಗೆ ಮಿತಿ ಹಾಕಲು ನೋಡಿತು.

ಸೋಜಿಗವೆಂದರೆ, ಅದಕ್ಕೆ ಸ್ವಲ್ಪ ಮೊದಲು ರೋಮ್ ಕೂಡ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. 1958ರ ಸೆಪ್ಟೆಂಬರ್ 3ರಂದು ಪವಿತ್ರ ಸಂಗೀತದ ಬಗ್ಗೆ ಹೊರಟ ಆದೇಶ ವಾದ್ಯಗಳನ್ನು ಎರಡು ಬಗೆಯಾಗಿ ನೋಡಿತು. ಮನುಷ್ಯನೇ ಕೂತು ನುಡಿಸುವವು ಒಂದು ಕಡೆ, ತಾನೇ ನುಡಿಯುವವು ಇನ್ನೊಂದು ಕಡೆ. ಸ್ವಯಂಚಾಲಿತ ಆರ್ಗನ್, ಗ್ರಾಮಫೋನ್, ರೇಡಿಯೋ, ಟೇಪ್ ರೆಕಾರ್ಡರ್ ಇವುಗಳನ್ನು ದೈವಾರಾಧನೆಯಲ್ಲಿ ಬಳಸಲೇಬಾರದು ಎಂದಿತು. ಅದಕ್ಕೂ ಹಿಂದೆ, 1903ರಲ್ಲಿ, ಸಂತ ಸಿಸಿಲಿಯಾರ ಹಬ್ಬದ ದಿನ, ಹತ್ತನೆಯ ಭಕ್ತಿನಾಥ ಜಗದ್ಗುರುಗಳು ದೇವಾಲಯದೊಳಗೆ ಪಿಯಾನೋ, ಡ್ರಮ್, ತಾಳಗಳನ್ನು ನಿಷೇಧಿಸಿದ್ದರು. (150ನೆಯ ಕೀರ್ತನೆಯಲ್ಲಿ ಡೋಲು, ತಾಳ ಎರಡೂ ಇವೆಯಲ್ಲ ಎಂದು ಆಗಲೂ ಯಾರಾದರೂ ಕೇಳಿರಬೇಕು.) ದ್ವಿತೀಯ ವ್ಯಾಟಿಕನ್ ಮಹಾಸಭೆ ಬಾಗಿಲು ತೆರೆಯಿತು. 1963ರ ಡಿಸೆಂಬರ್ 4ರ ದೈವಾರಾಧನೆಯ ಸಂವಿಧಾನ ಪೈಪ್ ಆರ್ಗನ್ನಿಗೆ ಗೌರವ ಕೊಟ್ಟು, ಬೇರೆ ವಾದ್ಯಗಳನ್ನೂ ಸಂಬಂಧಪಟ್ಟ ಧರ್ಮಾಧಿಕಾರಿಗಳ ಒಪ್ಪಿಗೆಯಿಂದ ಸೇರಿಸಬಹುದೆಂದಿತು. 1967ರ 'ಮೂಸಿಕಾಮ್ ಸಾಕ್ರಾಮ್' ಆದೇಶ ಆಯಾ ಜನರ ಸಂಸ್ಕೃತಿ, ಪರಂಪರೆಯನ್ನು ಗಮನಿಸಬೇಕೆಂದಿತು. ತಬಲ, ಮೃದಂಗ ನಿಶ್ಚಿಂತೆಯಾಗಿ ಒಳಗೆ ಕೂತವು.

ಅದೇ 1967ರಲ್ಲಿ ಜಪಾನಿನ ಏಸ್ ಟೋನ್ ಕಂಪನಿಯಿಂದ 'ರಿದಂ ಏಸ್' ಬಂತು. ಇಕುತಾರೋ ಕಾಕೆಹಾಶಿ ಅದರ ರೂವಾರಿ. ಯೌವನದಲ್ಲಿ ಕ್ಷಯ ಬಂದು ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿ, ಆಗಷ್ಟೇ ಬಂದಿದ್ದ ಸ್ಟ್ರೆಪ್ಟೋಮೈಸಿನ್‌ನಿಂದ ಬದುಕಿ ಬಂದವರು. 1972ರಲ್ಲಿ ರೋಲ್ಯಾಂಡ್ ಕಂಪನಿ ಕಟ್ಟಿದವರೂ ಅವರೇ. ರಿದಂ ಏಸ್‌ನಲ್ಲಿ ಹದಿನಾರು ತಾಳಗಳಿದ್ದವು. ಬಟನ್ ಒತ್ತಬಹುದು, ಆದರೆ ಒಳಗಿನದನ್ನು ಬದಲಾಯಿಸುವ ಹಾಗಿಲ್ಲ. ಬಳಸುವವರೇ ತಮ್ಮ ತಾಳ ಬರೆದು ಇಟ್ಟುಕೊಳ್ಳುವ ದಾರಿ ಸರಿಯಾಗಿ ತೆರೆದದ್ದು 1978ರಲ್ಲಿ, ರೋಲ್ಯಾಂಡಿನ ಸಿಆರ್-78 ಒಳಗೆ ಮೈಕ್ರೋಪ್ರೊಸೆಸರ್ ಕೂತಾಗ. ನಮ್ಮ ಮಟ್ಟಿಗೆ ಈ ಕಥೆಯ ದೊಡ್ಡ ತಿರುವು ಇದೇ. 1983ರಲ್ಲಿ ಮಿಡಿ ಬಂದು ಒಂದು ಕಂಪನಿಯ ಕೀಬೋರ್ಡ್ ಇನ್ನೊಂದರ ಜೊತೆ ಮಾತಾಡುವಂತಾಯಿತು. ಅದಕ್ಕಾಗಿ ಕಾಕೆಹಾಶಿ ಮತ್ತು ಡೇವ್ ಸ್ಮಿತ್ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಿಕ್ಕಿತು. 1988ರಲ್ಲಿ ರೋಲ್ಯಾಂಡ್ ಇ-20, 1993ರಲ್ಲಿ ಕಾರ್ಗ್ ಐ3, ಯಮಹಾದ ಪಿಎಸ್‌ಆರ್ ಸಾಲು ಹೀಗೆ ಅರೇಂಜರ್ ಕೀಬೋರ್ಡ್‌ಗಳು ಬೆಳೆದವು.

ಭಾರತದ ಮಾರುಕಟ್ಟೆ ದೊಡ್ಡದೆಂದು ಕಂಪನಿಗಳಿಗೆ ಗೊತ್ತಾದ ಮೇಲೆ ಇಲ್ಲಿಗೆಂದೇ ಮಾದರಿಗಳು ಬಂದವು. ಕ್ಯಾಸಿಯೋ ಸಿಟಿಕೆ-860ಐಎನ್, ಯಮಹಾ ಪಿಎಸ್‌ಆರ್-ಐ455, ಐ500 ಇವೆಲ್ಲ ಹಬ್ಬ, ಮದುವೆ, ಆರ್ಕೆಸ್ಟ್ರಾಗಳಲ್ಲಿ ನಾವು ನೋಡಿರುವವೇ. 2019ರಿಂದ ಯಮಹಾ ಚೆನ್ನೈ ಬಳಿಯ ಕಾರ್ಖಾನೆಯಲ್ಲೇ ಕೀಬೋರ್ಡ್ ತಯಾರಿಸುತ್ತಿದೆ. ತಬಲ, ಸಿತಾರ್, ಶಹನಾಯಿ ಧ್ವನಿಗಳು ಸೇರಿದವು. ಭಜನ್, ಭಾಂಗ್ರಾ, ದಾಂಡಿಯಾ ಸ್ಟೈಲ್‌ಗಳು ಬಂದವು. 'ತಮಿಳ್', 'ಕೇರಳ', 'ಗೋವನ್ ಪಾಪ್', 'ರಾಜಸ್ಥಾನ್' ಎಂಬ ಹೆಸರಿನವೂ ಇವೆ. 'ಕನ್ನಡ' ಎಂಬ ಹೆಸರಿನ ಸ್ಟೈಲ್ ನಾವು ನುಡಿಸಿದ ಯಾವ ಕೀಬೋರ್ಡಿನಲ್ಲೂ ಕಂಡಿಲ್ಲ. ಅದಕ್ಕಾಗಿ ನಾವು ಧರಣಿ ಕೂರಬೇಕಾಗಿಲ್ಲ. 'ತಮಿಳ್' ಎಂಬ ಹೆಸರಿನದನ್ನು ಹಾಕಿ ನಮ್ಮ ತಮಿಳು ಕೀರ್ತನೆ ಹಾಡಿದರೂ ಅದು ಕೂಡುವುದಿಲ್ಲ. ನಾಲ್ಕರ ಎಣಿಕೆಯ ಸ್ಟೈಲಿನ ಮೇಲೆ ಏಳರ ಹಾಡು ಹೇಗೆ ಕೂತೀತು?

ಹಾಗಾದರೆ ಕೀಬೋರ್ಡ್ ಬಂದ ಮೇಲೆ ಆ ಹಾಡುಗಳಿಗೆ ಏನಾಯಿತು? ಎರಡು ಬಗೆಯಲ್ಲಿ ಆಯಿತು. ಕೆಲವನ್ನು ಎಳೆದು ಎಂಟು ಮಾಡಿದರು. ಪ್ರತಿ ಸಾಲಿನ ಕೊನೆಯ ಅಕ್ಷರವನ್ನು ಒಂದು ಎಣಿಕೆ ಹೆಚ್ಚು ಹಿಡಿದರೆ ಏಳು ಎಂಟಾಗುತ್ತದೆ, ಯಂತ್ರಕ್ಕೆ ಸರಿಹೋಗುತ್ತದೆ. ಇಂದು ನಮ್ಮಲ್ಲಿ ಚಿಕ್ಕವರು ಹಾಡುವ ಒಂದು ಕಾಣಿಕೆ ಗೀತೆ ಹಾಗೆ ಎಂಟಾದದ್ದು. ಅಜ್ಜಿಯರು ಮಾತ್ರ ಈಗಲೂ ಏಳರಲ್ಲೇ ಹಾಡುತ್ತಾರೆ, ಪ್ರತಿ ಸಾಲಿಗೂ ಒಂದು ಹೆಜ್ಜೆ ಮುಂದೆ ಹೋಗಿ ನಮಗಾಗಿ ಕಾಯುತ್ತಾರೆ. ಉಳಿದ ಹಾಡುಗಳನ್ನು ಸುಮ್ಮನೆ ಬಿಟ್ಟರು. ಯಾರೂ ಬೇಡವೆಂದು ತೀರ್ಮಾನಿಸಲಿಲ್ಲ, 'ಇದಕ್ಕೆ ಸ್ಟೈಲ್ ಇಲ್ಲ' ಎಂಬ ಒಂದೇ ಕಾರಣಕ್ಕೆ ಪಟ್ಟಿಯಿಂದ ಜಾರಿದವು. ಮೆಟ್ಟೂರು ಅಣೆಕಟ್ಟಿನ ನೀರು ಇಳಿದಾಗ ಪಣ್ಣವಾಡಿಯಲ್ಲಿ ಮುಳುಗಿದ ಹಳೆಯ ಚರ್ಚಿನ ಗೋಪುರಗಳು ಮೇಲೆ ಕಾಣುತ್ತವೆ. ಅದನ್ನು ನೋಡಲು ಜನ ಹೋಗುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಹಾಡು ಮುಳುಗಿದರೆ ಹಾಗೆ ಕಾಣುವುದಿಲ್ಲ.

ಸ್ಟೈಲ್ ಎಂದರೆ ಒಳಗೆ ಏನಿರುತ್ತದೆ ಎಂದು ನೋಡಿದಾಗ ನಮಗೆ ಧೈರ್ಯ ಬಂತು. ಯಮಹಾದ ಸ್ಟೈಲ್ ಫೈಲ್ ಮೂಲತಃ ಒಂದು ಮಿಡಿ ಫೈಲ್. ಅದರಲ್ಲಿ ಶಬ್ದ ಇರುವುದಿಲ್ಲ, 'ಇಂಥ ಕೀ, ಇಂಥ ಕ್ಷಣದಲ್ಲಿ, ಇಷ್ಟು ಜೋರಾಗಿ' ಎಂಬ ಸೂಚನೆಗಳು ಮಾತ್ರ. ಎಂಟು ಪಾಲು: ಎರಡು ತಾಳಕ್ಕೆ, ಒಂದು ಬೇಸ್‌ಗೆ, ಎರಡು ಕಾರ್ಡ್‌ಗೆ, ಒಂದು ಪ್ಯಾಡ್, ಎರಡು ಚಿಕ್ಕ ಸಂಚಾರಗಳಿಗೆ. ಹಾಡಿನ ಘಟ್ಟಕ್ಕೆ ತಕ್ಕಂತೆ ಇಂಟ್ರೋ, ಮೇನ್, ಫಿಲ್, ಎಂಡಿಂಗ್ ಎಂಬ ತುಂಡುಗಳು. ಎಲ್ಲವನ್ನೂ ಸಾಮಾನ್ಯವಾಗಿ ಸಿ ಮೇಜರ್ ಸೆವೆನ್ ಎಂಬ ಒಂದೇ ಕಾರ್ಡಿನಲ್ಲಿ ನುಡಿಸಿ ಇಟ್ಟಿರುತ್ತಾರೆ. ನಾವು ಎಡಗೈಯಲ್ಲಿ ಜಿ ಮೈನರ್ ಒತ್ತಿದರೆ, ಯಾವ ಸ್ವರವನ್ನು ಎಷ್ಟು ಸರಿಸಬೇಕು ಎಂಬ ನಿಯಮವೂ ಅದೇ ಫೈಲಿನ ಕೊನೆಯಲ್ಲಿ ಇರುತ್ತದೆ. ಅದನ್ನು ನೋಡಿ ಕೀಬೋರ್ಡ್ ಆ ಕ್ಷಣದಲ್ಲೇ ಲೆಕ್ಕ ಹಾಕುತ್ತದೆ. ಕಡಿಮೆ ಬೆಲೆಯ ಮಾದರಿಗಳಲ್ಲಿ ಹೊರಗಿನ ಸ್ಟೈಲನ್ನು ಪೆನ್‌ಡ್ರೈವ್‌ನಿಂದ ತುಂಬಿಸಿಕೊಳ್ಳಬಹುದು, ಅಷ್ಟೇ. ಪಿಎಸ್‌ಆರ್-ಎಸ್670ರಂಥ ಸ್ವಲ್ಪ ದೊಡ್ಡವುಗಳಲ್ಲಿ ಕೂತಲ್ಲೇ ಹೊಸದನ್ನು ಕಟ್ಟುವ ಸೌಲಭ್ಯ ಇದೆ.

ತಾಳಕ್ಕೆ ನಾವು ಹೋದದ್ದು ಮೊದಲು ನಮ್ಮಲ್ಲಿ ಮೃದಂಗ ನುಡಿಸುತ್ತಿದ್ದ ತಾತನ ಬಳಿ. ಕೀಬೋರ್ಡ್ ಬಂದ ಮೇಲೆ ಅವರು ಹಿಂದಿನ ಬೆಂಚಿಗೆ ಹೋಗಿದ್ದರು. ಯಾರೂ ಬರಬೇಡಿ ಎಂದಿರಲಿಲ್ಲ, ಬನ್ನಿ ಎಂದೂ ಅಂದಿರಲಿಲ್ಲ. ವಿಷಯ ಹೇಳಿದಾಗ ಅವರ ಮೊದಲ ಪ್ರಶ್ನೆ: "ಏನಪ್ಪಾ, ನಿಮ್ಮ ಮಿಷನ್ನು ಏಳು ಎಣಿಸುತ್ತಾ?" ಎಣಿಸುತ್ತದೆ ತಾತ, ನಾವು ಹೇಳಿಕೊಟ್ಟರೆ ಎಂದೆವು. ಮೂರು ಸಂಜೆ ಕೂತರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಆಮೇಲೆ ಪ್ರತಿ ಪೆಟ್ಟನ್ನೂ ಕೀಬೋರ್ಡಿನ ಮೃದಂಗದ ಕೀಗಳ ಮೇಲೆ ಕೈಯಿಂದಲೇ ಕುಟ್ಟಿ ತುಂಬಿಸಿದೆವು.

ಇಲ್ಲಿ ಒಂದು ಸೂಕ್ಷ್ಮವಿದೆ. ಸ್ಟೈಲ್ ಮಾಡುವಾಗ 'ಕ್ವಾಂಟೈಸ್' ಎಂಬ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಹಿಂದೆ ಮುಂದೆ ಬಿದ್ದ ಪೆಟ್ಟುಗಳೆಲ್ಲ ಗೆರೆಗೆ ಬಂದು ನಿಲ್ಲುತ್ತವೆ. ಹೊಸಬರಿಗೆ ಇದು ಹಬ್ಬ. ಆದರೆ ತಾತ ತಕಧಿಮಿಯ ಮೊದಲ ಪೆಟ್ಟನ್ನು ಪ್ರತಿ ಸಲವೂ ಕೂದಲೆಳೆಯಷ್ಟು ತಡವಾಗಿ ಹಾಕುತ್ತಿದ್ದರು. ಆ ತಡದಲ್ಲೇ ಹಾಡಿನ ಓಲಾಟ ಇರುವುದು. ಲೆಕ್ಕ ಹಾಕಿ ನೋಡಿ: ಟೆಂಪೋ 100 ಇದ್ದರೆ ಒಂದು ಎಣಿಕೆಗೆ 600 ಮಿಲಿಸೆಕೆಂಡ್. ಅದನ್ನು ನಾಲ್ಕು ಪಾಲು ಮಾಡಿ ಕ್ವಾಂಟೈಸ್ ಒತ್ತಿದರೆ ಪ್ರತಿ ಪೆಟ್ಟೂ 150 ಮಿಲಿಸೆಕೆಂಡಿನ ಮೆಟ್ಟಿಲಿನ ಮೇಲೇ ಕೂರಬೇಕು. ತಾತನ ಇಪ್ಪತ್ತು ಮೂವತ್ತು ಮಿಲಿಸೆಕೆಂಡಿನ ತಡ ಒಂದೇ ಏಟಿಗೆ ಮಾಯ. ಹೊಸ ಯಮಹಾ ಕೀಬೋರ್ಡ್‌ಗಳ ಸ್ಟೈಲ್ ಒಂದು ಎಣಿಕೆಯನ್ನು 1920 ಪಾಲು ಮಾಡಿ ಅಳೆಯುತ್ತದೆ. ಅಂದರೆ ಒಂದು ಪಾಲು ಒಂದು ಮಿಲಿಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತಲೂ ಚಿಕ್ಕದು. ಯಂತ್ರಕ್ಕೆ ತಾತನ ಕೈಯನ್ನು ನೆನಪಿಟ್ಟುಕೊಳ್ಳುವ ಶಕ್ತಿ ಧಾರಾಳವಾಗಿದೆ. ಒರೆಸಿಹಾಕುವುದು ಕ್ವಾಂಟೈಸ್ ಒತ್ತುವ ನಮ್ಮ ಬೆರಳು. ನಾವು ಒತ್ತಲಿಲ್ಲ.

ಕಾರ್ಡ್‌ಗಳ ಕಥೆ ಬೇರೆ. ಒಂದೇ ಕೈಯ ಹಾರ್ಮೋನಿಯಂನಲ್ಲಿ ಹುಟ್ಟಿದ ರಾಗಗಳಿಗೆ ಕಾರ್ಡ್ ಸೇರಿಸಿದರೆ ಕೆಲವು ಒಪ್ಪುತ್ತವೆ, ಮಾಯಾಮಾಳವಗೌಳದಂಥವು ಜಗಳವಾಡುತ್ತವೆ. ಅಂಥ ಹಾಡುಗಳ ಸ್ಟೈಲಿನಲ್ಲಿ ಕಾರ್ಡಿನ ಎರಡೂ ಪಾಲುಗಳನ್ನು ಖಾಲಿ ಬಿಟ್ಟು, ಪ್ಯಾಡ್ ಇರುವ ಕಡೆ ತಂಬೂರಿಯ ಷಡ್ಜ, ಪಂಚಮ ಇಟ್ಟೆವು. ಅದು ಎಡಗೈ ಏನೇ ಒತ್ತಿದರೂ ಜರುಗಬಾರದು. ಅದಕ್ಕೆ ಸ್ವರ ಸರಿಸುವ ನಿಯಮದಲ್ಲಿ 'ರೂಟ್ ಫಿಕ್ಸ್ಡ್', 'ಬೈಪಾಸ್' ಎಂದು ಕೊಡಬೇಕು. ಶ್ರುತಿ ಬದಲಾಯಿಸಬೇಕಾದರೆ ಟ್ರಾನ್ಸ್‌ಪೋಸ್ ಬಟನ್ ಇದೆ. ಬೇರೆ ಧರ್ಮಕೇಂದ್ರಗಳ ಗೆಳೆಯರು ಈ ಒಂದು ಸಾಲನ್ನು ಬರೆದಿಟ್ಟುಕೊಳ್ಳಿ, ಬಹಳ ಹೊತ್ತು ಉಳಿಯುತ್ತದೆ.

ಜನ ಹಾಡುವಾಗ ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಯಂತ್ರ ತೆಗೆದುಕೊಳ್ಳುವುದಿಲ್ಲ. ಹಿರಿಯರು ಕೀಬೋರ್ಡ್ ಬಗ್ಗೆ ಹೇಳುವ ದೂರುಗಳಲ್ಲಿ ಇದು ಮೊದಲನೆಯದು, 'ಅದು ನಮ್ಮನ್ನು ಓಡಿಸುತ್ತದೆ' ಎನ್ನುತ್ತಾರೆ. ಇದಕ್ಕೆ 'ಸಿಂಕ್ರೋ ಸ್ಟಾಪ್' ಎಂಬ ಬಟನ್ ಇದೆ. ಅದು ಆನ್ ಇದ್ದರೆ ಎಡಗೈ ಎತ್ತಿದ ತಕ್ಷಣ ಮೇಳ ನಿಲ್ಲುತ್ತದೆ, ಮತ್ತೆ ಇಟ್ಟಾಗ ಹೊರಡುತ್ತದೆ. ಸಭೆ ಉಸಿರೆಳೆಯುವಾಗ ಕೈ ಎತ್ತಬೇಕು. ಅದಕ್ಕೆ ನುಡಿಸುವವರು ಸ್ಕ್ರೀನ್ ಬಿಟ್ಟು ಜನರ ಕಡೆ ಕಿವಿ ಕೊಡಬೇಕಾಗುತ್ತದೆ. 1958ರ ಆದೇಶದ ಎರಡು ಬಗೆಯಲ್ಲಿ ನಮ್ಮ ಕೀಬೋರ್ಡ್ ಯಾವುದು ಎಂದು ಕೇಳಿದರೆ, ಅದು ಆ ಎಡಗೈಯ ಮೇಲಿದೆ ಎನ್ನುತ್ತೇವೆ. ಪೆನ್‌ಡ್ರೈವ್‌ನಲ್ಲಿ ಇಡೀ ಹಾಡಿನ ಸಂಗೀತವನ್ನೇ ಹಾಕಿ ಅದರ ಜೊತೆ ಬಾಯಿ ಆಡಿಸುವುದು ಈಗ ಕೆಲವು ಕಡೆ ಶುರುವಾಗಿದೆ. ಅದು ಎರಡನೆಯ ಬಗೆಯದೇ, ಅದರಲ್ಲಿ ನಮಗೆ ಅನುಮಾನವಿಲ್ಲ.

ತಪಸ್ಸುಕಾಲಕ್ಕೆ ಬೇರೆ ಸ್ಟೈಲ್ ಬೇಕಾಯಿತು. ಆ ದಿನಗಳಲ್ಲಿ ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ನುಡಿಯಬೇಕೆಂಬುದು ಪೂಜಾಗ್ರಂಥದ ನಿಯಮ. ನಾಲ್ಕನೆಯ ಭಾನುವಾರ, ಮಹೋತ್ಸವಗಳು ಮತ್ತು ಹಬ್ಬಗಳಿಗೆ ಮಾತ್ರ ವಿನಾಯಿತಿ. ಹಾಗೆ ನೋಡಿದರೆ ಇಂಟ್ರೋ, ಎಂಡಿಂಗ್ ಎರಡೂ ವಾದ್ಯ ಒಂಟಿಯಾಗಿ ನುಡಿಯುವ ತುಂಡುಗಳು, ಫಿಲ್ ಎಂದರೆ ಡ್ರಮ್ಮಿನ ಬಡಾಯಿ. ಕಂಪನಿಯ ಯಾವ ಸ್ಟೈಲ್ ತೆರೆದರೂ ಇವು ಇದ್ದೇ ಇರುತ್ತವೆ, ಕೈ ತಪ್ಪಿ ಬಟನ್ ತಾಗಿದರೆ ಶಿಲುಬೆಹಾದಿಯ ನಡುವೆ ಢಮಾರ್. ಆದ್ದರಿಂದ ಇವು ಮೂರೂ ಇಲ್ಲದ, ಬರೀ ತಂಬೂರಿ ಮತ್ತು ಮೆಲುವಾದ ಮೃದಂಗದ ಒಂದು ಸ್ಟೈಲ್ ಮಾಡಿಟ್ಟಿದ್ದೇವೆ. ಅದರ ಹೆಸರು 'ಬೂದಿ'.

ಇನ್ನು ಮುಗಿಯದ ಒಂದು ವಿಷಯ. ಹಬ್ಬದ ತೇರಿನ ಮುಂದೆ ಬರುವ ತಮಟೆ, ತಮಿಳಿನವರ ಪರೈ. ಅದರ ನಡೆಯನ್ನು ಸ್ಟೈಲ್ ಮಾಡಿ ಮೆರವಣಿಗೆಯ ಗೀತೆಗೆ ಇಡೋಣ ಎಂದು ನಮ್ಮಲ್ಲಿ ಒಬ್ಬರು ಹೇಳಿದರು. ತಾಂತ್ರಿಕವಾಗಿ ಕಷ್ಟವಿಲ್ಲ. ಕೆಲವು ಕೀಬೋರ್ಡ್‌ಗಳಿಗೆ ಹೊರಗಿನ ಧ್ವನಿಯನ್ನೇ ರೆಕಾರ್ಡ್ ಮಾಡಿ ಸೇರಿಸಬಹುದು. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ.

ತಮಟೆ ನಮ್ಮೂರುಗಳಲ್ಲಿ ಬರೀ ವಾದ್ಯವಲ್ಲ. ಸಾವಿಗೆ ಬಾರಿಸುವುದನ್ನು ಕೆಲವು ಮನೆತನಗಳ ಮೇಲೆ ಜಾತಿಯ ಹೆಸರಿನಲ್ಲಿ ಹೇರಿದ ಕಾಲವಿತ್ತು, ಅದು ಎಲ್ಲ ಕಡೆ ಮುಗಿದಿಲ್ಲ. ಆ ಮನೆಗಳಿಂದ ಕ್ರಿಸ್ತರ ಬಳಿ ಬಂದವರು ನಮ್ಮ ಸಭೆಗಳಲ್ಲಿ ಬಹಳ ಮಂದಿ. ಆದರೂ ತಮಟೆ ದೇವಾಲಯದ ಬಾಗಿಲ ತನಕ ಬಂದು ನಿಲ್ಲುತ್ತದೆ. 1967ರ ಆದೇಶದಲ್ಲಿ, ಜನರ ಅಭಿಪ್ರಾಯ ಮತ್ತು ಬಳಕೆಯಲ್ಲಿ ಲೌಕಿಕಕ್ಕೆ ಮಾತ್ರ ತಕ್ಕ ವಾದ್ಯಗಳನ್ನು ದೂರವಿಡಬೇಕೆಂಬ ಮಾತಿದೆ. ರೋಮಿನಲ್ಲಿ ಕೂತು ಬರೆದವರ ಮನಸ್ಸಿನಲ್ಲಿ ಡಾನ್ಸ್ ಹಾಲು ಇತ್ತೇನೋ. ಆದರೆ ನಮ್ಮ ಹಳ್ಳಿಯಲ್ಲಿ 'ಜನರ ಅಭಿಪ್ರಾಯ' ಎಂದರೆ ಯಾವ ಜನ? ಮದುರೆಯ ತಮಿಳುನಾಡು ಥಿಯಾಲಜಿಕಲ್ ಸೆಮಿನರಿಯ ದೇವಶಾಸ್ತ್ರಜ್ಞ ಥಿಯೋಫಿಲಸ್ ಅಪ್ಪಾವು (1940–2005) ಈ ಪ್ರಶ್ನೆಯನ್ನು ಎದುರಿಸಿದವರು. ಕೀಳೆಂದು ಕಂಡ ವಾದ್ಯವೆಂಬ ಕಾರಣಕ್ಕೇ ಪರೈಯನ್ನು, ಹಳ್ಳಿಯ ಹಾಡಿನ ನಡೆಯನ್ನು ಆರಾಧನೆಯೊಳಗೆ ತಂದರು. ಪ್ರೊಟೆಸ್ಟೆಂಟ್ ಸಭೆಯವರಾದರೂ ಅವರ ಕೆಲಸದಲ್ಲಿ ನಮಗೆ ಕಲಿಯಲು ಬಹಳ ಇದೆ.

ನಮ್ಮ ಗಾಯನ ವೃಂದದಲ್ಲಿ ಮೂರು ಅಭಿಪ್ರಾಯಗಳಿವೆ. ಧ್ವನಿಯಾದರೂ ಒಳಗೆ ಬರಲಿ, ಅದೂ ಒಂದು ಹೆಜ್ಜೆ ಎನ್ನುವವರು ಇದ್ದಾರೆ. ಧ್ವನಿ ಪೆನ್‌ಡ್ರೈವ್‌ನಲ್ಲಿ ಒಳಗೆ ಬಂದು ಬಾರಿಸುವವರು ಬಾಗಿಲಲ್ಲೇ ನಿಂತರೆ ಅದಕ್ಕಿಂತ ಅವಮಾನ ಇಲ್ಲ, ಬಂದರೆ ಮನುಷ್ಯರೇ ಬರಲಿ ಎನ್ನುವವರು ಇದ್ದಾರೆ. ಮೂರನೆಯ ಮಾತು ಹೇಳಿದ್ದು ಅಂಥ ಮನೆಯಿಂದಲೇ ಬಂದ ನಮ್ಮ ಅಕ್ಕ ಒಬ್ಬರು: "ನಮ್ಮಪ್ಪ ಇನ್ನು ಬಾರಿಸಲ್ಲ ಅಂತ ತಮಟೆ ಕೆಳಗಿಟ್ಟ. ಊರಲ್ಲಿ ಅದಕ್ಕೆ ಏನೇನು ಅನುಭವಿಸಿದ ಅಂತ ನಮಗೆ ಗೊತ್ತು. ನೀವು ಅದನ್ನ ಎತ್ತಿಕೊಂಡು ಬಂದು ಚೆಂದ ಇದೆ ಅಂತೀರ." ಆ ಸಂಜೆ ಅಭ್ಯಾಸ ಮುಂದುವರಿಯಲಿಲ್ಲ. ನಾವು ಎರಡನೆಯ ಮಾತಿನ ಕಡೆ ವಾಲಿದ್ದೇವೆ, ಆದರೆ ಅಕ್ಕನ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ. ಹಾಗಾಗಿ ಆ ಸ್ಟೈಲ್ ಇನ್ನೂ ಮಾಡಿಲ್ಲ. ಫಾದರ್ ಬಳಿ ಮಾತಾಡಿದ್ದೇವೆ. ಹಬ್ಬಕ್ಕೆ ಮೊದಲು ಪಾಲನಾ ಸಮಿತಿಯ ಸಭೆಗೆ ತಮಟೆಯವರನ್ನೂ ಅಕ್ಕನನ್ನೂ ಒಟ್ಟಿಗೆ ಕರೆಯುತ್ತೇವೆ ಎಂದಿದ್ದಾರೆ.

ಸದ್ಯಕ್ಕೆ ಸಿದ್ಧವಿರುವವು ಐದು: ಏಳರದು ಎರಡು, ಐದರದು ಒಂದು, ಆರರದು ಒಂದು, ಮತ್ತು ಬೂದಿ. ಬೇಕಾದವರು ಪೆನ್‌ಡ್ರೈವ್ ತಂದರೆ ಹಾಕಿಕೊಡುತ್ತೇವೆ. ನಿಮ್ಮ ಕೀಬೋರ್ಡ್ ಬೇರೆ ಕಂಪನಿಯದಾದರೆ ಮಿಡಿ ರೂಪದಲ್ಲಿ ಕೊಡುತ್ತೇವೆ, ಮೃದಂಗದ ಕೀಗಳನ್ನು ಮಾತ್ರ ನೀವೇ ಹೊಂದಿಸಿಕೊಳ್ಳಬೇಕು. ಮನೆಯಲ್ಲಿ ಅಜ್ಜಿ ತಾತ ಹಾಡುವ ಹಳೆಯ ಹಾಡುಗಳಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಹಾಡುವಾಗ ಅವರು ತೊಡೆಯ ಮೇಲೆ ತಾಳ ಹಾಕುತ್ತಿದ್ದರೆ ಫೋನನ್ನು ಆ ಕೈಯ ಹತ್ತಿರ ಇಡಿ. ಶನಿವಾರ ಸಂಜೆಯ ಅಭ್ಯಾಸಕ್ಕೆ ಈಗ ಮೃದಂಗದ ತಾತನೂ ಬರುತ್ತಿದ್ದಾರೆ, ಕೀಬೋರ್ಡಿನ ಎಡಗಡೆ ಅವರಿಗೊಂದು ಕುರ್ಚಿ ಹಾಕಿದ್ದೇವೆ.